ಸದ್ದಿಲ್ಲದಾಗ ಹತ್ತುವ ಎಂಟು ದೀಪ

ಅಕ್ಕನ ಗಿರಣಿಗೆ ನಾನು ಹಚ್ಚಿಕೊಟ್ಟ ಮೈಕಿನೊಳಗೆ ಖಾರದ ಪುಡಿ ಹೊಕ್ಕು ಅದು ಕಿವುಡಾಗಬಹುದಿತ್ತು. ಗಿರಣಿಯ ಅದುರಿಗೆ ಬೆಸುಗೆ ಬಿಟ್ಟು ವೈರುಗಳು ಜೋತಾಡಬಹುದಿತ್ತು. ಮೊಳೆ ಸಡಿಲಾಗಿ ಬೋರ್ಡು ನೇರ ಅಕ್ಕನ ತಲೆಯ ಮೇಲೆ ಬೀಳಬಹುದಿತ್ತು. ಬ್ಯಾಟರಿ ಉಬ್ಬಬಹುದಿತ್ತು. ಇಲಿ ವೈರು ಕಡಿಯಬಹುದಿತ್ತು. ಖಾರದ ಗಿರಣಿಗೆ ಇಲಿ ಬರುವುದಿಲ್ಲ ಎಂದು ಎಲ್ಲರೂ ಹೇಳಿದರು, ಆದರೆ ಹಾಗೆ ಹೇಳುವವರ ಗಿರಣಿಗೇ ಇಲಿ ಬರುತ್ತದೆ ಎಂಬುದು ನನ್ನ ನಂಬಿಕೆ. ದೀಪಗಳು ತಲೆಕೆಳಗಾಗಿ ಹತ್ತಬಹುದಿತ್ತು. ಪ್ರೋಗ್ರಾಮಿನಲ್ಲಿ ಬಿಟ್ಟುಗಳನ್ನು, ಅಂದರೆ ಸೊನ್ನೆ-ಒಂದುಗಳನ್ನು, ಒಂದು ಮನೆ ಹೆಚ್ಚು ಸರಿಸಿಯೋ ಕಡಿಮೆ ಸರಿಸಿಯೋ ಎಲ್ಲವೂ ಹಾಳಾಗಬಹುದಿತ್ತು. ಬೇಸಿಗೆಯ ಸೆಖೆಗೆ ಚಿಪ್ಪು ತನ್ನಷ್ಟಕ್ಕೆ ತಾನೇ ಮೊದಲಿನಿಂದ ಶುರುವಾಗಬಹುದಿತ್ತು. ಅಕ್ಕ ದೀಪ ನೋಡುವುದನ್ನೇ ಮರೆಯಬಹುದಿತ್ತು. ಅಥವಾ ದೀಪವನ್ನೇ ನೋಡುತ್ತ ನಿಂತು ಕೈಯನ್ನು ಬೆಲ್ಟಿಗೆ ಕೊಡಬಹುದಿತ್ತು. ಈ ಕೊನೆಯದನ್ನು ನೆನೆಸಿಕೊಂಡ ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಎತ್ತಿಕೊಂಡು, "ಇನ್ನೂ ಆಗಿಲ್ಲದ್ದಕ್ಕ ಇಷ್ಟ ಉಪಾಸ ಮಾಡಿದ್ರ, ಆದ ಮ್ಯಾಲೆ ಏನ ಮಾಡ್ತೀರಿ?" ಎಂದಳು.

ನಾನು ರಾಣೇಬೆನ್ನೂರಿನಲ್ಲಿ ತೂಕದ ಯಂತ್ರಗಳ ಬೋರ್ಡು ರಿಪೇರಿ ಮಾಡುವವನು. ಅಂಗಡಿ ಹೆದ್ದಾರಿಗೆ ಹತ್ತಿಕೊಂಡಿದೆ. ಬೀಜ ಒಣಗಿಸುವ ಕೋಣೆಗಳಿಗೆ ಶಾಖ ತೋರಿಸುವ ಸಣ್ಣ ಪೆಟ್ಟಿಗೆಗಳನ್ನೂ ಮಾಡಿಕೊಡುತ್ತೇನೆ, ಅವುಗಳ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ನಾನೇ ಬರೆಯುತ್ತೇನೆ. ಅಕ್ಕ ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸುತ್ತಾಳೆ. ಕಬ್ಬಿಣದ ಒನಕೆಗಳು ಸಾಲಾಗಿ ಎದ್ದು ಬೀಳುವ ಗಿರಣಿ. ಆ ಒನಕೆಗಳ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದು ಅವಳ ಕಿವಿ ಹೋಯಿತು. ಅದು ಒಂದು ದಿನದಲ್ಲಿ ಹೋದದ್ದಲ್ಲ. ಮೊದಲು ಮೊಮ್ಮಕ್ಕಳ ದನಿ ಹೋಯಿತು, ಆಮೇಲೆ ಫೋನು, ಆಮೇಲೆ ಎಲ್ಲವೂ. ಈಗ ಎದುರಿಗೆ ನಿಂತು ನಿಧಾನ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ.

ಭಾವ ಇದ್ದಷ್ಟು ದಿನ ಇದು ತೊಂದರೆ ಎಂದೇ ಯಾರಿಗೂ ಅನ್ನಿಸಿರಲಿಲ್ಲ. ಭಾವ ಹೊರಗಿನ ಕೋಣೆಯಲ್ಲಿ ತೂಕ ಹಾಕುತ್ತ ಕೂಡುವರು, ಅಕ್ಕ ಒಳಗಿನ ಕೋಣೆಯಲ್ಲಿ ಕುಟ್ಟುವಳು, ನಡುವೆ ಬಾಗಿಲಿಲ್ಲದ ಒಂದು ಬಾಗಿಲು. ಅಕ್ಕನನ್ನು ಕರೆಯಬೇಕಾದರೆ ಭಾವ ಚೀಲದಿಂದ ಒಂದು ಒಣಮೆಣಸಿನಕಾಯಿ ತೆಗೆದು ಅವಳ ಬೆನ್ನಿಗೆ ಎಸೆಯುವರು. ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಕರೆಂಟು ಹೋದಾಗ ಮಾತ್ರ ಬೇರೆ ಪದ್ಧತಿ: ಎದುರಿನ ಹೋಟೆಲಿಗೆ ಹೋಗಿ ಎರಡು ಕೈಯಲ್ಲಿ ಎರಡು ಚಹಾ ಹಿಡಿದು ಬಂದು ಹೊರಬಾಗಿಲನ್ನು ಕಾಲಿನಿಂದ ಒದೆಯುವರು. ಆ ಪೆಟ್ಟು ಕಲ್ಲಿನ ಕಟ್ಟೆಯೊಳಗಿಂದ ಬಂದು ಅಕ್ಕನ ಅಂಗಾಲಿಗೆ ತಾಕುತ್ತಿತ್ತಂತೆ. "ಬಂದೆ ರೀ," ಎಂದು ಅವಳು ಹೋಗಿ ಬಾಗಿಲು ತೆಗೆಯುವಳು.

ಭಾವ ತೀರಿಹೋದರು. ಅದಾಗಿ ಕೆಲವು ತಿಂಗಳಿಗೆ ಅಕ್ಕನ ಸೆರಗು ಬೆಲ್ಟಿಗೆ ಸಿಕ್ಕಿತು. ಖಾರ ಕುಟ್ಟಿಸಲು ಬಂದವರು ಎಷ್ಟು ಕೂಗಿದರೂ ಅವಳಿಗೆ ಕೇಳಿಸಲಿಲ್ಲ. ಯಾರೋ ಓಡಿಹೋಗಿ ಮೇನು ಸ್ವಿಚ್ಚು ಕೆಡವಿದ್ದರಿಂದ ಸೆರಗಷ್ಟೇ ಹೋಯಿತು. ಸುದ್ದಿ ಕೇಳಿ ಹಾವೇರಿಯಿಂದ ಅಕ್ಕನ ಮಗಳು ಬಂದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಮಾತು ಕಡಿಮೆ, ನಿರ್ಧಾರ ಬೇಗ. ಗಿರಣಿಗೆ ಬೀಗ ಹಾಕಿ ತಾಯಿ ತನ್ನ ಜೊತೆ ಬರಬೇಕು ಎಂದಳು.

"ನಿನ್ನ ಮನ್ಯಾಗ ಕುಂತು ನಾ ಏನ ಕುಟ್ಲಿ? ನಿನ್ನ ಗಂಡನ್ನ ಕುಟ್ಲೇನು?" ಎಂದಳು ಅಕ್ಕ.

ನಡುವೆ ಬಾಯಿ ಹಾಕಿದ್ದು ನಾನು. ಸದ್ದನ್ನು ಬೆಳಕು ಮಾಡಿ ತೋರಿಸುವ ಒಂದು ಸಾಧನ ಮಾಡಿಕೊಡುತ್ತೇನೆ, ಒಂದು ಹಂಗಾಮು ನೋಡೋಣ, ಆಗಲಿಲ್ಲವೆಂದರೆ ಬೀಗ ಹಾಕಿದರಾಯಿತು ಎಂದೆ. ಹೇಳಿದ ಗಳಿಗೆಯಿಂದ ಮೇಲಿನ ಯಾದಿ ನನ್ನ ತಲೆಯಲ್ಲಿ ಬೆಳೆಯತೊಡಗಿತು.

ಸಾಧನ ಹೀಗಿತ್ತು. ಹೊರಬಾಗಿಲ ಪಕ್ಕ ಎಣ್ಣೆ ಡಬ್ಬಿಯ ತಗಡೊಂದನ್ನು ತೂಗುಹಾಕಿ, ಅದನ್ನು ಬಡಿಯಲು ಒಂದು ಕಬ್ಬಿಣದ ಸೌಟು ಕಟ್ಟಿದೆವು. ತಗಡಿನ ಮೇಲ್ಗಡೆ ಮೈಕು. ಒಳಗೆ, ಕುಟ್ಟುವಾಗ ಅಕ್ಕನ ಕಣ್ಣೆದುರಿಗೇ ಬರುವ ಗೋಡೆಯ ಮೇಲೆ ಎಂಟು ಕೆಂಪು ದೀಪಗಳ ಸಾಲು. ಕರೆಂಟು ಹೋದರೂ ನಡೆಯಲೆಂದು ಒಂದು ಬ್ಯಾಟರಿ. ಗಿರಣಿ ನಡೆಯುವಾಗ ಅದರ ಸದ್ದಿಗೆ ಐದು ದೀಪ ಹತ್ತಿರುತ್ತವೆ. ಹೊರಗೆ ಯಾರಾದರೂ ಸೌಟಿನಿಂದ ತಗಡು ಬಡಿದರೆ ಎಂಟೂ ಹತ್ತುತ್ತವೆ. ಎಂಟು ಹತ್ತಿದವೋ, ಅಕ್ಕ ಗಿರಣಿ ನಿಲ್ಲಿಸಿ ಬಾಗಿಲಿಗೆ ಬರಬೇಕು.

"ಎಂಟ ಯಾಕೋ ತಮ್ಮಾ? ಒಂದ ಹಚ್ಚಿದ್ರ ಸಾಲಂಗಿಲ್ಲೇನು?"

"ಒಂದ ಇದ್ರ ಯಾರರ ಕೆಮ್ಮಿದ್ರೂ ಹತ್ತತೈತಿ, ಗ್ವಾಡಿ ಬಿದ್ರೂ ಹತ್ತತೈತಿ. ಕೆಮ್ಮು ಯಾವುದು, ಗ್ವಾಡಿ ಯಾವುದು ತಿಳಿಬೇಕಲ್ಲ?"

"ಖಾರದ ಗಿರಣ್ಯಾಗ ಕೆಮ್ಮಲಾರದವರು ಯಾರ ಅದಾರೋ ಹುಚ್ಚಪ್ಪಾ?"

ಎಂಟು ದೀಪಕ್ಕೆ ನಾನು ಹಿಡಿದ ಲೆಕ್ಕ ನನಗೆ ಬಹಳ ಹೆಮ್ಮೆ ತಂದಿತ್ತು. ಕಿವಿಗೆ ಸದ್ದು ದುಪ್ಪಟ್ಟಾದಾಗ ಒಂದು ಮೆಟ್ಟಿಲು ಏರಿದಂತೆ, ಮತ್ತೆ ದುಪ್ಪಟ್ಟಾದಾಗ ಇನ್ನೊಂದು ಮೆಟ್ಟಿಲು. ಕಂಪ್ಯೂಟರಿಗೂ ಅದೇ ಅಭ್ಯಾಸವಿದೆ. ದಶಾಂಶದ ಸಂಖ್ಯೆಯನ್ನು ಅದು ನಾವು ಬರೆದ ಹಾಗೆ ಇಟ್ಟುಕೊಳ್ಳುವುದಿಲ್ಲ. ಒಂದಕ್ಕಿಂತ ಕಡಿಮೆಯಿಲ್ಲದ, ಎರಡು ಮುಟ್ಟದ ಒಂದು ಸಣ್ಣ ಸಂಖ್ಯೆ ಮಾಡಿಕೊಂಡು, ಅದನ್ನು ಎಷ್ಟು ಸಲ ದುಪ್ಪಟ್ಟು ಮಾಡಬೇಕು ಎಂದು ಪಕ್ಕದಲ್ಲಿ ಗುರುತು ಹಾಕುತ್ತದೆ. ಇಪ್ಪತ್ತು ಎಂದರೆ ಅದಕ್ಕೆ ಒಂದೂಕಾಲು, ನಾಲ್ಕು ಸಲ ದುಪ್ಪಟ್ಟು. ಆ 'ನಾಲ್ಕು ಸಲ' ಎಂಬುದೇ ಘಾತಾಂಕ. ನನಗೆ ಬೇಕಾದದ್ದು ಅದೊಂದೇ. ಘಾತಾಂಕ ನಾಲ್ಕಾದರೆ ನಾಲ್ಕು ದೀಪ, ಏಳಾದರೆ ಏಳು.

ಸಂಖ್ಯೆ ಕುಳಿತುಕೊಳ್ಳುವುದು ಸೊನ್ನೆಯೋ ಒಂದೋ ತುಂಬುವ ಮೂವತ್ತೆರಡು ಮನೆಗಳ ಸಾಲಿನಲ್ಲಿ. ಮೊದಲ ಮನೆ ಧನವೋ ಋಣವೋ ಎಂಬ ಚಿಹ್ನೆಗೆ, ಮುಂದಿನ ಎಂಟು ಘಾತಾಂಕಕ್ಕೆ, ಕೊನೆಯ ಇಪ್ಪತ್ಮೂರು ಉಳಿದ ಚೂರಿಗೆ. ಒಂದಕ್ಕಿಂತ ಸಣ್ಣ ಸಂಖ್ಯೆಗಳಿಗೆ ಘಾತಾಂಕ ಋಣವಾಗುವುದರಿಂದ, ಮೈನಸ್ಸಿನ ಗೊಡವೆ ಬೇಡವೆಂದು ಅದಕ್ಕೆ ಮೊದಲೇ ನೂರಾ ಇಪ್ಪತ್ತೇಳು ಕೂಡಿಸಿ ಇಟ್ಟಿರುತ್ತಾರೆ. ಹೊರತೆಗೆಯಬೇಕಾದರೆ ಆ ಸಾಲನ್ನು ಹಾಗೇ ಒಂದು ಪೂರ್ಣಾಂಕಕ್ಕೆ ನಕಲು ಮಾಡಬೇಕು, ಇಪ್ಪತ್ಮೂರು ಮನೆ ಬಲಕ್ಕೆ ಸರಿಸಬೇಕು, ಕೆಳಗಿನ ಎಂಟನ್ನು ಉಳಿಸಿ ಮೇಲಿನ ಚಿಹ್ನೆಯನ್ನು ಅಳಿಸಬೇಕು, ನೂರಾ ಇಪ್ಪತ್ತೇಳು ಕಳೆಯಬೇಕು. ಇದನ್ನೆಲ್ಲ ಮಾಡಿಕೊಡುವ ಸಿದ್ಧ ಫಂಕ್ಷನ್ನೊಂದು ಸಿ ಭಾಷೆಯಲ್ಲೇ ಇದೆ, ಫ್ರೆಕ್ಸ್‌ಪ್ ಎಂದು. ಅದು ಚಿಕ್ಕ ಚಿಪ್ಪಿಗೆ ಭಾರವಾದರೆ ಏನು ಗತಿ ಎಂದು ಹೆದರಿ ನಾನೇ ಕೈಯಾರೆ ಬಿಚ್ಚಿದೆ. ಇನ್ನೊಂದು ಹೆದರಿಕೆಗೆ ಇನ್ನೊಂದು ಸಾಲು ಸೇರಿಸಿದೆ. ಗಾಳಿಯ ಸುಯ್ಲಿಗೆಲ್ಲ ದೀಪ ಮಿಣುಕಬಾರದೆಂದು, ಸದ್ದಿನ ಅಳತೆ ಒಂದಕ್ಕಿಂತ ಕಡಿಮೆಯಾದರೆ ಅದನ್ನು ಸೊನ್ನೆ ಮಾಡಿಬಿಟ್ಟೆ. ಮೂರನೆಯ ಹೆದರಿಕೆಗೆ ಮೈಕಿನ ಮೇಲೆ ಹಳೆಯ ಪಂಚೆಯ ಬಟ್ಟೆ ಸುತ್ತಿದೆ. ನನ್ನ ಅಂಗಡಿಯಲ್ಲಿ ದಿನವೆಲ್ಲ ಪರೀಕ್ಷೆ ಮಾಡಿದೆ. ಲಾರಿ ಹೋದರೆ ಐದು, ಬಸ್ಸಿನ ಹಾರ್ನಿಗೆ ಏಳು, ನನ್ನ ಉಸಿರಿಗೆ ಒಂದು. ತಪ್ಪಿಲ್ಲ.

ಗಿರಣಿಯಲ್ಲಿ ಹಚ್ಚಿದ ಮೇಲೂ ತಪ್ಪಿಲ್ಲ. ಜನ ತಗಡು ಬಡಿದರು, ದೀಪ ಹತ್ತಿದವು, ಅಕ್ಕ ಬಂದಳು. ಹಂಗಾಮು ಏರಿತು. ನಾನು ಹಗುರಾಗಬೇಕಿತ್ತು, ಆಗಲಿಲ್ಲ. ಎಲ್ಲ ಸರಿಯಿದ್ದರೆ ನನಗೆ ಉಸಿರು ಹಿಡಿದಂತಾಗುತ್ತದೆ.

ಅಕ್ಕನ ಮಗಳ ಫೋನು ಬಂದಾಗ ಸಮಾಧಾನವೇ ಆಯಿತೆಂದು ಹೇಳಬೇಕು, ಒಂದು ಕ್ಷಣದ ಮಟ್ಟಿಗೆ.

"ಮಾಮಾ, ಅವ್ವ ಕರೆಂಟ್ ಹೋದಾಗೆಲ್ಲ ಎದ್ದು ಬಾಗಲಕ ಹೋಗತಾಳಂತ. 'ಬಂದೆ ರೀ' ಅಂತಾಳಂತ. ಅಲ್ಲಿ ನೋಡಿದ್ರ ಯಾರೂ ಇರಂಗಿಲ್ಲಂತ."

"ಯಾರ ಹೇಳಿದ್ರು?"

"ಖಾರ ಕುಟ್ಟಸಾಕ ಹೋದವರು. ಕಾಗಿನೆಲಿಯಾಕಿ ಒಬ್ಬಾಕಿ ಅಂಜಿ ಮೆಣಸಿನಕಾಯಿ ಚೀಲಾ ಅಲ್ಲೇ ಬಿಟ್ಟ ಓಡ್ಯಾಳಂತ. ಅಪ್ಪ ಬರತಾನಂತ ಅನ್ನಾಕತ್ತಾರ ಓಣ್ಯಾಗ."

ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟೆ.

"ರವಿವಾರ ಬರತೇನಿ ಮಾಮಾ. ಬೀಗ ತಗೊಂಡ ಬರತೇನಿ. ನಿಮ್ಮ ದೀಪಾ ಸಾಕು."

ಶನಿವಾರ ಮಧ್ಯಾಹ್ನ ಬ್ಯಾಡಗಿ ಬಸ್ಸು ಹತ್ತಿದೆ. ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲಿತ್ತು. ಕಾರಣ ಎರಡೇ ಇರಬಹುದು ಎಂದು ಲೆಕ್ಕ ಹಾಕಿದೆ: ನನ್ನ ಪ್ರೋಗ್ರಾಮು ಕೆಟ್ಟಿದೆ, ಇಲ್ಲವೇ ಅಕ್ಕನ ತಲೆ ಕೆಟ್ಟಿದೆ. ಮೂರನೆಯದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೂ ಮೋಟೆಬೆನ್ನೂರು ದಾಟುವವರೆಗೆ ಅದೇ ನನ್ನ ಪಕ್ಕದ ಸೀಟಿನಲ್ಲಿ ಕೂತಂತಿತ್ತು.

ಅಕ್ಕ ಕುಟ್ಟುತ್ತಿದ್ದಳು. ಗೋಡೆಯ ಮೇಲೆ ಐದು ದೀಪ, ನಾನು ಬರೆದ ಹಾಗೆಯೇ. ನನ್ನನ್ನು ನೋಡಿ ನಕ್ಕು ಕೂಡು ಎಂದು ಸನ್ನೆ ಮಾಡಿದಳು. ಹೊರಗಿನ ಕೋಣೆಯಲ್ಲಿ, ಭಾವ ಕೂಡುತ್ತಿದ್ದ ತಕ್ಕಡಿಯ ಪಕ್ಕ ಕುಳಿತೆ. ಅಲ್ಲಿಂದ ಒಳಗಿನ ದೀಪಗಳು ಕಾಣುತ್ತವೆ.

ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು.

ಒನಕೆಗಳು ಒಂದೊಂದಾಗಿ ಬಿದ್ದು ನಿಂತವು. ಪಕ್ಕದ ಗಿರಣಿ ನಿಂತಿತು, ಅದರಾಚೆಯದು ನಿಂತಿತು, ಓಣಿಗೆ ಓಣಿಯೇ ನಿಂತಿತು. ಹಾಗೆ ಎಲ್ಲವೂ ಒಟ್ಟಿಗೆ ನಿಲ್ಲುವುದನ್ನು ನಾನು ಎಂದೂ ಗಮನಿಸಿರಲಿಲ್ಲ. ಗೋಡೆಯ ಮೇಲೆ ದೀಪಗಳು ನಾಲ್ಕಕ್ಕೆ ಇಳಿದವು. ಎರಡು. ಒಂದು. ಆಮೇಲೆ, ಸೂಜಿ ಬಿದ್ದರೂ ಕೇಳುವಂಥ ಆ ಮೌನದಲ್ಲಿ, ಎಂಟೂ ಒಮ್ಮೆಗೇ ಭಗ್ಗನೆ ಹತ್ತಿದವು.

ಹೊರಗೆ ಯಾರೂ ತಗಡು ಬಡಿದಿರಲಿಲ್ಲ. ನಾನು ಬಾಗಿಲ ಪಕ್ಕದಲ್ಲೇ ಇದ್ದೆ, ಬಡಿದಿದ್ದರೆ ನನಗೆ ಕೇಳುತ್ತಿತ್ತು.

ಅಕ್ಕ ಕೈ ಒರೆಸಿಕೊಂಡಳು. ಸೆರಗು ಸರಿ ಮಾಡಿಕೊಂಡಳು. "ಬಂದೆ ರೀ," ಎಂದು ನನ್ನ ಮುಂದೆಯೇ ಹಾದು ಹೋಗಿ ಬಾಗಿಲು ತೆಗೆದಳು. ಬಿಸಿಲು ಒಳಗೆ ಬಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಒಂದಿಷ್ಟು ಹೊತ್ತು ನಿಂತು, ಬಾಗಿಲು ಮುಂದೆ ಮಾಡಿ ತಿರುಗಿದಳು. ಆಗ ನಾನಿರುವುದು ನೆನಪಾದಂತೆ ಮುಖ ಸಣ್ಣದು ಮಾಡಿಕೊಂಡಳು.

"ನೀನೂ ನೋಡಿದೆಲ್ಲ?"

"ಏನ?"

"ದೀಪಾ. ಎಂಟೂ."

"ನೋಡಿದೆ ಯಕ್ಕಾ."

ಅವಳು ಮೆಣಸಿನಕಾಯಿ ಚೀಲದ ಮೇಲೆ ಕುಸಿದು ಕೂತಳು. "ಅಬ್ಬಾ. ನನಗಷ್ಟ ಕಾಣಸ್ತಾವ ಅನಕೊಂಡಿದ್ದೆ. ಹಂಗಾರ ತಲಿ ನೆಟ್ಟಗ ಐತಿ."

"ಮೊದಲ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಮಗಳ ಬೀಗ ತರತಾಳ." ಬೆರಳಿಗೆ ಅಂಟಿದ ಖಾರವನ್ನು ಉಜ್ಜಿಕೊಳ್ಳುತ್ತ ಕೂತಳು. "ಮತ್ತ, ಅವರ ಇದ್ರೂ ಇರಬೌದು. ಯಾರ್ಯಾರೋ ಕರದ್ರ ಎದ್ದ ಹೋಗತೇನಿ. ಅವರು ಕರದ್ರ ಹೋಗಬಾರದೇನು?"

ನಾನು ಒಳಗಿನ ಗೋಡೆಯ ಕಡೆ ನೋಡಿದೆ. ಎಂಟೂ ದೀಪ ಉರಿಯುತ್ತಿದ್ದವು, ಯಾರೋ ಕೈ ಬಿಡದೆ ತಗಡು ಬಡಿಯುತ್ತಿರುವ ಹಾಗೆ. ಮುಚ್ಚಿದ ಬಾಗಿಲ ಕಡೆ ತಿರುಗಿ, ನನಗರಿವಿಲ್ಲದೆ, ಬಹಳ ಮೆಲ್ಲಗೆ, "ಭಾವಾ?" ಎಂದೆ.

ಎಂಟು ದೀಪಗಳು ಎರಡಕ್ಕೆ ಇಳಿದವು.

ಒಂದಾಯಿತು. ಮತ್ತೆ ಎಂಟೂ ಹತ್ತಿದವು.

ನಾನು ಗೋಡೆ ಹಿಡಿದುಕೊಂಡೆ. ಎಷ್ಟೋ ಹೊತ್ತಿನ ಮೇಲೆ, ಧೈರ್ಯದಿಂದಲ್ಲ, ಸುಮ್ಮನಿರಲಾರದೆ ಒಂದು ಚಪ್ಪಾಳೆ ತಟ್ಟಿದೆ. ಆರಕ್ಕೆ ಇಳಿದವು, ನಾಲ್ಕು, ಎರಡು, ಒಂದು, ಮತ್ತೆ ಎಂಟು. ಕೆಮ್ಮಿದೆ. ಇಳಿದವು. ಸುಮ್ಮನಾದೆ. ಏರಿದವು. ಸದ್ದು ಮಾಡಿದರೆ ದೀಪ ಆರುತ್ತವೆ, ಸುಮ್ಮನಿದ್ದರೆ ಹತ್ತುತ್ತವೆ. ನನ್ನ ಅಂಗಡಿಯಲ್ಲಿ ದಿನವೆಲ್ಲ ಏನೇನೋ ಸದ್ದು ಪರೀಕ್ಷೆ ಮಾಡಿದ್ದೆ. ಹೆದ್ದಾರಿಯ ಪಕ್ಕದಲ್ಲಿ ಕೂತವನಿಗೆ ಮೌನವನ್ನು ಪರೀಕ್ಷೆ ಮಾಡಬೇಕೆಂದು ಹೊಳೆದಿರಲಿಲ್ಲ. ಹೊಳೆದಿದ್ದರೂ ಅಲ್ಲಿ ಅದು ಸಿಗುತ್ತಿರಲಿಲ್ಲ.

ಲ್ಯಾಪ್‌ಟಾಪು ತೆರೆದು ನನ್ನದೇ ಸಾಲುಗಳನ್ನು ಬೇರೆ ಯಾರೋ ಬರೆದವೆಂಬಂತೆ ಓದಿದೆ. ತಪ್ಪು ಕಣ್ಣಿಗೆ ಬಿತ್ತು.

"ಏನಾತು ಹೇಳು," ಎಂದಳು ಅಕ್ಕ. "ಬಾಯಿ ಅಷ್ಟ ಲಗೂ ಆಡಸಬ್ಯಾಡ, ತಿಳಿಯಂಗಿಲ್ಲ."

ಕಲ್ಲಿನ ಕಟ್ಟೆಯ ಮೇಲೆ ತೆಳ್ಳಗೆ ಖಾರ ಕೂತಿತ್ತು. ಅದರಲ್ಲೇ ಬೆರಳಿನಿಂದ ಬರೆದೆ: ಎಂಟು, ನಾಲ್ಕು, ಎರಡು, ಒಂದು.

"ಸದ್ದು ಅರ್ಧಾ ಆದಂಗ ಒಂದೊಂದ ದೀಪಾ ಕಡಿಮಿ. ಒಂದರ ಮುಂದ ಏನು?"

"ಸೊನ್ನಿ."

"ಅಲ್ಲ. ಒಂದರ ಅರ್ಧಾ ಅರ್ಧಾನ. ಅದರ ಅರ್ಧಾ ಕಾಲು. ಎಷ್ಟ ಅರ್ಧಾ ಮಾಡ್ಕೋತ ಹೋದ್ರೂ ಸೊನ್ನಿ ಸಿಗಂಗಿಲ್ಲ."

ಅಕ್ಕ ಸ್ವಲ್ಪ ಯೋಚಿಸಿದಳು. "ಹೌದಲ್ಲೋ. ಏನರ ಒಂದ ಚೂರು ಉಳದ ಉಳೀತೈತಿ."

ಅದಕ್ಕೇ ಸೊನ್ನೆಗೆ ಘಾತಾಂಕವೇ ಇಲ್ಲ, ನಾನೋ ಒಂದಕ್ಕಿಂತ ಕಡಿಮೆ ಸದ್ದನ್ನೆಲ್ಲ ಸೊನ್ನೆ ಮಾಡಿದ್ದೆ. ಯಂತ್ರದೊಳಗೆ ಅದಕ್ಕೆ ಬೇರೆ ಗುರುತು: ಮನೆಗಳನ್ನೆಲ್ಲ ಖಾಲಿ ಬಿಡುತ್ತಾರೆ. ಖಾಲಿ ಮನೆಗಳಿಂದಲೂ ನಾನು ನೂರಾ ಇಪ್ಪತ್ತೇಳು ಕಳೆದಿದ್ದೆ. ಬಂದದ್ದು ಮೈನಸ್ ನೂರಾ ಇಪ್ಪತ್ತೇಳು. ದೀಪದ ಲೆಕ್ಕ ಎಂದೂ ಮೈನಸ್ಸಾಗುವುದಿಲ್ಲವೆಂದು ಅದನ್ನು ಮೈನಸ್ ಹಿಡಿಯದ ಚಿಕ್ಕ ಜಾಗದಲ್ಲಿ ಇಟ್ಟಿದ್ದೆ. ಇನ್ನೂರಾ ಐವತ್ತಾರಕ್ಕೆ ಒಂದು ಸುತ್ತು ಮುಗಿಯುವ ಆ ಜಾಗದಲ್ಲಿ ಅದು ಹಿಂದಕ್ಕೆ ಸುತ್ತು ಹೊಡೆದು ನೂರಾ ಇಪ್ಪತ್ತೊಂಬತ್ತು ಆಗಿತ್ತು. ಅಷ್ಟು ದೀಪ ಹಚ್ಚು ಎಂದರೆ ಬಡಪಾಯಿ ಬೋರ್ಡು ಇರುವ ಎಂಟನ್ನೂ ಹಚ್ಚುತ್ತಿತ್ತು. ಭಾರವೆಂದು ಬಿಟ್ಟ ಆ ಸಿದ್ಧ ಫಂಕ್ಷನ್ನು ಸೊನ್ನೆಗೆ ಸೊನ್ನೆಯೆಂದೇ ಹೇಳುತ್ತದೆ. ಮೈಕಿಗೆ ಬಟ್ಟೆ ಸುತ್ತದಿದ್ದರೆ ಸದ್ದು ಅಷ್ಟು ಇಳಿಯುತ್ತಲೂ ಇರಲಿಲ್ಲವೇನೋ. ನನ್ನ ಒಂದೊಂದು ಹೆದರಿಕೆಯೂ ತನ್ನ ಪಾಲಿನ ಕೆಲಸ ಮಾಡಿತ್ತು.

ಇದರಲ್ಲಿ ಅರ್ಧವನ್ನು ಅಕ್ಕನಿಗೆ ಬರೆದು ತೋರಿಸಿದೆ. ಅವಳು ಇಷ್ಟು ಹಿಡಿದುಕೊಂಡಳು:

"ಅಂದ್ರ ಏನೂ ಇಲ್ಲದಾಗ ಎಲ್ಲಾ ಹತ್ತತಾವು."

"ಹೌದು."

"ಅವರಲ್ಲ."

"ಅಲ್ಲ ಯಕ್ಕಾ."

ಅಂಗೈಯಿಂದ ಕಟ್ಟೆಯ ಮೇಲಿನ ಅಂಕಿಗಳನ್ನು ಒರೆಸಿದಳು. ಅಂಕಿ ಹೋದ ಮೇಲೂ ಒರೆಸುತ್ತಲೇ ಇದ್ದಳು. ಆಮೇಲೆ ಎದ್ದು, "ಲಗೂನ ರಿಪೇರಿ ಮಾಡು ಮತ್ತ. ನಾಳೆ ಆಕಿ ಬರತಾಳ," ಎಂದಳು.

ರಿಪೇರಿ ಎಂದರೆ ಒಂದು ಸಾಲು: ಸೊನ್ನೆಯಾದರೆ ಘಾತಾಂಕ ಕೇಳಬೇಡ, ದೀಪ ಹಚ್ಚಬೇಡ. ಬರೆಯುವುದು ಕೂಡಲೇ ಮುಗಿಯಿತು. ನಂಬುವುದಕ್ಕೆ ಸಂಜೆಯಾಯಿತು.

ಭಾನುವಾರ ಅಕ್ಕನ ಮಗಳು ಹಾವೇರಿಯಿಂದ ಬಂದಳು. ಕೈಚೀಲದಲ್ಲಿ ಬೀಗ ಇತ್ತು, ಹೊಸದು, ಕಾಗದ ಕೂಡ ಬಿಚ್ಚಿರಲಿಲ್ಲ. ಗಿರಣಿ ಹಚ್ಚಲು ಹೇಳಿ ಹೊರಗೆ ನಿಂತು ಸೌಟಿನಿಂದ ತಗಡು ಬಡಿದಳು. ಎಂಟು. ಅಕ್ಕ ನಿಲ್ಲಿಸಿ ಬಂದಳು. ಮತ್ತೆ ಹಚ್ಚಿಸಿ ಮತ್ತೆ ಬಡಿದಳು. ಅಕ್ಕ ಮತ್ತೆ ಬಂದಳು. ಮೂರನೆಯ ಸಲ ಮೋಸ ಮಾಡಿ ಕೈಯಿಂದ ಬಾಗಿಲು ತಟ್ಟಿದಳು. ಆರು ಹತ್ತಿದವು, ಅಕ್ಕ ಕತ್ತು ಹೊರಳಿಸಿ, "ನಿಮ್ಮಪ್ಪನಂಗ ಆಟಾ ಆಡಬ್ಯಾಡ, ಸೌಟ ಐತಿ ನೋಡಲ್ಲಿ," ಎಂದು ಗದರಿದಳು.

ಮಗಳು ನನ್ನ ಬಳಿ ಬಂದಳು. "ಮಾಮಾ, ಖರೇನ ಸರಿ ಆಗೇತೇನು?"

"ಆಗೇತಿ. ಆದ್ರ..."

"ಆದ್ರ ಗೀದ್ರ ಬ್ಯಾಡ. ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ."

ಜನ್ಮದಲ್ಲಿ ಯಾವುದಕ್ಕೂ ಬರೀ ಹೂಂ ಅಂದವನಲ್ಲ ನಾನು. "ಹೂಂ," ಎಂದೆ.

"ಹಂಗಾರ ನಡೀಲಿ," ಎಂದಳು. ಬೀಗವನ್ನು ಚೀಲದ ತಳಕ್ಕೆ ಒತ್ತಿದಳು.

ಆಗ ಕರೆಂಟು ಹೋಯಿತು. ಒನಕೆಗಳು ನಿಂತವು, ಓಣಿ ನಿಂತಿತು. ನಾನೂ ಅವಳೂ ಗೋಡೆ ನೋಡುತ್ತ ನಿಂತೆವು. ನಾಲ್ಕು. ಎರಡು. ಒಂದು. ಆರಿದವು. ಆರಿಯೇ ಉಳಿದವು. ಮೈಕಿನ ಬಟ್ಟೆ, ಬ್ಯಾಟರಿ, ಇಲಿ, ಮೊಳೆ, ಯಾವುದೂ ಕೈ ಕೊಟ್ಟಿರಲಿಲ್ಲ. ಸೊನ್ನೆ ಸೊನ್ನೆಯಾಗಿಯೇ ಇತ್ತು.

ಅಕ್ಕ ಆ ಕತ್ತಲ ಗೋಡೆಯನ್ನು ನೋಡುತ್ತಿದ್ದಳು. ಕೈ ಒರೆಸಿಕೊಂಡಳು. ಸೆರಗು ಸರಿ ಮಾಡಿಕೊಂಡಳು. "ಬಂದೆ ರೀ," ಎಂದು ನಮ್ಮಿಬ್ಬರ ನಡುವೆಯೇ ಹಾದು ಹೋಗಿ ಬಾಗಿಲು ತೆಗೆದಳು.

ಮಗಳು ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಆಕಿ ಎದ್ದಾಗ ಒಂದೂ ಹತ್ತಿದ್ದಿಲ್ಲಲ್ಲ ಮಾಮಾ?"

"ಇಲ್ಲ."

"ಮತ್ತ?"

ಬೋರ್ಡಿನಿಂದ ನಾನು ತೆಗೆದದ್ದು ಇಷ್ಟು ದಿನದಲ್ಲಿ ಅಕ್ಕನ ಕಾಲಿಗೆ ರೂಢಿಯಾಗಿಬಿಟ್ಟಿತ್ತು. ಅಲ್ಲಿಗೆ ಹೋಗಿ ಯಾವ ಸಾಲು ತಿದ್ದಬೇಕೋ ನನಗೆ ಗೊತ್ತಿರಲಿಲ್ಲ. ಮಗಳ ಕೈ ಚೀಲದೊಳಗೆ ಹೋಗಿ ಬೀಗದ ಮೇಲೆ ನಿಂತದ್ದು ಕಾಣಿಸಿತು.

ದೀಪ ಹತ್ತದೆಯೇ ತಾನು ಎದ್ದು ಬಂದದ್ದು ಬಾಗಿಲಲ್ಲಿ ನಿಂತ ಅಕ್ಕನಿಗೆ ಈಗ ಅರಿವಾಗಿರಬೇಕು. ಹಿಂತಿರುಗಲಿಲ್ಲ. ಬೆನ್ನು ಮಾಡಿಕೊಂಡೇ, ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ, "ಗಾಳಿ ಬರ್ಲಿ ಅಂತ ತಗದೆ. ಘಾಟ ಭಾಳ ಆಗೇತಿ ಒಳಗ," ಎಂದಳು.

ಮಗಳು ಸ್ವಲ್ಪ ಹೊತ್ತು ತಾಯಿಯ ಬೆನ್ನನ್ನೇ ನೋಡಿದಳು. ಆಮೇಲೆ ಚೀಲದಿಂದ ಕೈ ತೆಗೆದಳು, ಖಾಲಿ ಕೈ.

"ಬರ್ಲಿ ಬಿಡವ್ವಾ," ಎಂದಳು ಮೆಲ್ಲಗೆ.

ಆ ಮಾತಿಗೆ ಗೋಡೆಯ ಮೇಲೆ ಎರಡು ದೀಪ ಸರಿಯಾಗಿಯೇ ಹತ್ತಿ ಆರಿದವು. ಅಕ್ಕ ಓಣಿಯ ಕಡೆ ನೋಡುತ್ತಿದ್ದಳು.